ಅನುಶ್ರೀಯದಲ್ಲದ ಬ್ಯಾಟು

ಎಣಿಕೆ ತಪ್ಪಿರಬೇಕೆಂದು ವೇದಾವತಿ ಮತ್ತೆ ಮೊದಲಿಂದ ಎಣಿಸಿದರು.

ಠಾಣೆಯ ಮೇಜಿನ ಮೇಲೆ, ಪ್ಲಾಸ್ಟಿಕ್ ಚೀಲದೊಳಗೆ, ಆ ನೀಲಿ ಟೆನಿಸ್ ಬ್ಯಾಟು ಮಲಗಿತ್ತು. ನಡುವಿನ ಗಟ್ಟುಗಳನ್ನು, ಅಂದರೆ ಬಲೆಯ ಎಳೆಗಳನ್ನು, ಯಾರೋ ಬ್ಲೇಡಿನಿಂದ ಕೊಯ್ದಿದ್ದರು. ತುದಿಗಳು ಒಳಕ್ಕೆ ಮುದುರಿಕೊಂಡಿದ್ದವು. ಗಟ್ಟು ಹೋದರೇನು, ಅದು ಹಾದುಹೋಗುವ ತೂತುಗಳು ಚೌಕಟ್ಟಿನ ಸುತ್ತ ಹಾಗೇ ಇದ್ದವಲ್ಲ. ಉದ್ದಕ್ಕೆ ಹದಿನೆಂಟು ಎಳೆ. ಅಡ್ಡಕ್ಕೆ ಇಪ್ಪತ್ತು.

"ಇದು ಅನುಶ್ರೀದಲ್ಲ" ಎಂದರು ವೇದಾವತಿ.

ಇನ್ಸ್‌ಪೆಕ್ಟರ್ ಸಿದ್ದಬಸಪ್ಪ ಚಹಾದ ಲೋಟ ಕೆಳಗಿಡಲಿಲ್ಲ. ಹಾವೇರಿ ಕಡೆಯಿಂದ ಬಂದು ಎರಡು ಮಳೆಗಾಲ ಕಂಡಿದ್ದ ಮನುಷ್ಯ. ಟೀಚರಮ್ಮನ ಮೇಲೆ ಗೌರವವೂ ಇತ್ತು, ಸ್ವಲ್ಪ ಬೇಸರವೂ ಇತ್ತು. "ಆಕಿ ತಾಯಿನ ಇದನ್ನ ಗುರುತು ಹಿಡಿದಾಳ್ರೀ ಟೀಚರ್. ಬಣ್ಣ ಅದೇ ಅದ, ಕಂಪನಿ ಅದೇ ಅದ."

"ಬಣ್ಣ ಅದೇ, ಕಂಪನಿ ಅದೇ. ಹೆಣಿಗೆ ಬೇರೆ."

ಹೋದ ತಿಂಗಳು, ಸುಂಟಿಕೊಪ್ಪದ ಆಚೆ ಹಳೇ ಪ್ಲಾಂಟರ್ಸ್ ಕ್ಲಬ್ಬಿನ ಹಿಂದಿರುವ ಎಸ್ಟೇಟ್ ಕೆರೆಯಲ್ಲಿ ಹದಿನೇಳು ವರ್ಷದ ಅನುಶ್ರೀಯ ಹೆಣ ಸಿಕ್ಕಿದಾಗ, ಈ ಬ್ಯಾಟು ದಡದ ಕೆಸರಿನಲ್ಲಿ ಬಿದ್ದಿತ್ತು. ಅದಕ್ಕೆ ಕೆಲವು ದಿನ ಮುಂಚೆ ಅವಳ ಅಣ್ಣ ನಂದೀಶ ಕ್ಲಬ್ಬಿನ ಗೇಟಿನಲ್ಲಿ ಎಲ್ಲರೆದುರು, ನಿನ್ನ ಬ್ಯಾಟು ಕೊಯ್ದು ಕೆರೆಗೆ ಎಸೀತೀನಿ ಎಂದು ತಂಗಿಯ ಮೇಲೆ ಕೂಗಾಡಿದ್ದ. ಹುಡುಗಿಯ ತಲೆಯ ಹಿಂಭಾಗದಲ್ಲಿ ಪೆಟ್ಟಿತ್ತು. ಪೊಲೀಸರಿಗೆ ಅಷ್ಟು ಸಾಕಾಯಿತು. ನಂದೀಶ ಈಗ ಇದೇ ಠಾಣೆಯ ಲಾಕಪ್ಪಿನಲ್ಲಿದ್ದ. ಪೊಲೀಸ್ ಕಸ್ಟಡಿಯ ಗಡುವು ಮುಗಿದು ನಾಳೆ ಬೆಳಿಗ್ಗೆ ಮಡಿಕೇರಿ ಕೋರ್ಟು. ಅಲ್ಲಿಂದ ಜೈಲೋ ಮನೆಯೋ.

ಹೆಣಿಗೆ ಅಂದರೇನು ಎಂದು ಸಿದ್ದಬಸಪ್ಪ ಕೇಳಿದರು.

ವೇದಾವತಿ ಮಡಿಕೇರಿಯ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ನಿವೃತ್ತರಾದವರು. ಮಕ್ಕಳಿಗೆ ಹೇಳಿಕೊಡುವ ಹಾಗೇ ತಮ್ಮ ಅಂಗೈಯನ್ನು ಅವರ ಮುಂದೆ ಚಾಚಿದರು. ಬೆರಳು ಅಗಲಿಸಿದರು. ಬಿಡಿ ಹೆಣಿಗೆ ಅಂದರೆ ಹೀಗೆ. ಎಳೆ ಕಡಿಮೆ, ಸಂದಿ ದೊಡ್ಡದು. ಚೆಂಡು ಸಂದಿಗೆ ಒಂಚೂರು ಇಳಿಯುತ್ತದೆ, ಗಟ್ಟು ಜರುಗಿ ಅದನ್ನು ಕಚ್ಚುತ್ತದೆ, ತಿರುಗಿಸಿ ಬಿಡುತ್ತದೆ. ಕೆಳಗಿಂದ ಮೇಲಕ್ಕೆ ಉಜ್ಜಿ ಹೊಡೆಯುವವರಿಗೆ ಇದು ಬೇಕು. ಆಮೇಲೆ ಬೆರಳು ಕೂಡಿಸಿದರು. ಇದು ಒತ್ತು ಹೆಣಿಗೆ. ಎಳೆ ಜಾಸ್ತಿ, ಗಟ್ಟು ಅಲುಗಾಡುವುದಿಲ್ಲ, ಚೆಂಡು ಹೇಳಿದ ಕಡೆ ನೇರವಾಗಿ ಹೋಗುತ್ತದೆ. ಚಪ್ಪಟೆಯಾಗಿ ಬೀಸಿ ಹೊಡೆಯುವವರಿಗೆ ಇದು ಸರಿ. ಆಟ ಒಂದು ಥರ ಇದ್ದು ಹೆಣಿಗೆ ಇನ್ನೊಂದು ಥರ ಆದರೆ ಕೈಯೇ ತನ್ನದಲ್ಲ ಅನ್ನಿಸಿಬಿಡುತ್ತದೆ.

ಅನುಶ್ರೀಗೆ ಬ್ಯಾಟು ಆರಿಸಿಕೊಟ್ಟವರು ವೇದಾವತಿಯೇ. ಎರಡು ಥರದ್ದನ್ನೂ ಎಲ್ಲಿಂದಲೋ ಎರವಲು ತಂದು, ಒಂದು ವಾರ ಆಡಿಸಿ ನೋಡಿದ್ದರು. ಹುಡುಗಿ ಹೊಡೆಯುತ್ತಿದ್ದದ್ದು ಅವಳಮ್ಮ ಮೊರದಲ್ಲಿ ಅಕ್ಕಿ ಕೇರುವ ಹಾಗೆ, ಮಣಿಕಟ್ಟು ಕೆಳಗಿಂದ ಎತ್ತಿ. ಒತ್ತು ಹೆಣಿಗೆಯಲ್ಲಿ ಚೆಂಡೆಲ್ಲ ನೆಟ್ಟಿಗೆ ಬಿತ್ತು. ಬಿಡಿ ಹೆಣಿಗೆ ಕೊಟ್ಟ ದಿನ ಚೆಂಡು ನೆಟ್ಟಿನ ಮೇಲೆ ಎತ್ತರಕ್ಕೆ ಹೋಗಿ, ಗೆರೆಯೊಳಗೇ ಕುಸಿದು, ಎದುರಾಳಿಯ ಭುಜದ ತನಕ ಪುಟಿಯಿತು. ಅನುಶ್ರೀ ತಿರುಗಿ ಟೀಚರರ ಮುಖ ನೋಡಿ ನಕ್ಕಿದ್ದಳು. ಆ ನಗು ಈಗ ಎಲ್ಲೆಲ್ಲಿಂದಲೋ ಬಂದು ಕಾಡುತ್ತಿತ್ತು. ಕುಕ್ಕರ್ ಕೂಗುವಾಗ, ಬಟ್ಟೆ ಹಿಂಡುವಾಗ.

"ಅವಳದ್ದು ಉದ್ದಕ್ಕೆ ಹದಿನಾರು, ಅಡ್ಡಕ್ಕೆ ಹತ್ತೊಂಬತ್ತು. ಗಟ್ಟು ಬೇಗ ಹರಿಯುತ್ತೆ, ಸಹಿಸ್ಕೋ ಅಂತ ನಾನೇ ಹೇಳಿದ್ದೆ. ಇನ್ನೊಂದು ನೋಡಿ. ಆಡಿದ ಗಟ್ಟಿನಲ್ಲಿ ಒಂದಕ್ಕೊಂದು ಉಜ್ಜಿ ಗೀರು ಬೀಳುತ್ತೆ. ಇದರಲ್ಲಿ ಒಂದಾದರೂ ಗೀರಿದೆಯಾ?"

ಇನ್ಸ್‌ಪೆಕ್ಟರ್ ಚೀಲವನ್ನು ಬೆಳಕಿಗೆ ಹಿಡಿದರು. ಇರಲಿಲ್ಲ. ಆ ಬ್ಯಾಟಿನಿಂದ ಯಾರೂ ಒಂದು ಚೆಂಡನ್ನೂ ಹೊಡೆದಿರಲಿಲ್ಲ.

ಈಗ ಲೋಟ ಕೆಳಗೆ ಬಂತು.

ಹೊಸ ಬ್ಯಾಟು ಕೊಂಡವರು ಯಾರೆಂದು ಹುಡುಕಿಸಬೇಕು, ಅನುಶ್ರೀ ಸತ್ತ ಸಂಜೆ ಕೆರೆಯ ಹತ್ತಿರ ಇದ್ದವರು ಅವರೇ ಎಂದು ವೇದಾವತಿ ಖಡಾಖಂಡಿತವಾಗಿ ಹೇಳಿದರು. ಇಂಥ ಬ್ಯಾಟು ಕೊಡಗಿನಲ್ಲಿ ಸಿಗುವುದಿಲ್ಲ, ಮೈಸೂರಿಗೇ ಹೋಗಬೇಕು. ಅಲ್ಲಿ ಅಂಗಡಿಗಳು ಬೆರಳೆಣಿಕೆಯಷ್ಟು. ಸಿದ್ದಬಸಪ್ಪ ಆಗಲೇ ಹಿಡಿಕೆಯ ಮೇಲಿನ ನಂಬರಿನ ಫೋಟೋ ತೆಗೆಯುತ್ತಿದ್ದರು. ನಾಳೆಯೊಳಗೆ ಬೇರೆ ಹೆಸರು ಸಿಕ್ಕರೆ ಹುಡುಗನನ್ನು ಹಿಡಿದಿಡುವುದಕ್ಕೆ ತನಗೇನೂ ಹಟವಿಲ್ಲ ಎಂದೂ ಹೇಳಿದರು.

ಹೊರಗೆ ಬೆಂಚಿನ ಮೇಲೆ ನಿಂಗಮ್ಮ ಕೂತಿದ್ದಳು, ಮಡಿಲಲ್ಲಿ ಮಗನಿಗೆ ತಂದ ಅಕ್ಕಿರೊಟ್ಟಿಯ ಬುತ್ತಿ. ಗಂಡ ನಾಗರಾಜು ವಕೀಲರನ್ನು ನೋಡಲು ಹೋಗಿದ್ದ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಶುಂಠಿ, ಜೋಳ ಬೆಳೆದುಕೊಂಡಿದ್ದ ಸಂಸಾರ. ಠಾಣೆಯ ಮೆಟ್ಟಿಲು ಹತ್ತುವುದು ಅವರಿಗೆ ಇನ್ನೂ ಅಭ್ಯಾಸವಾಗಿರಲಿಲ್ಲ.

ಬ್ಯಾಟು ಅನುಶ್ರೀದಲ್ಲ ಎಂದು ವೇದಾವತಿ ಹೇಳಿದರು. ನಿಂಗಮ್ಮನಿಗೆ ಎಷ್ಟು ಅರ್ಥವಾಯಿತೋ. ನೀಲಿ ಬಣ್ಣ ಕಂಡ ಕೂಡಲೇ ನಮ್ಮ ಅನೂದೇ ಎಂದು ಅತ್ತವಳು ಅವಳೇ ತಾನೆ. ಬುತ್ತಿಯ ಗಂಟನ್ನು ಬಿಚ್ಚಿ, ಮತ್ತೆ ಕಟ್ಟಿದಳು.

"ರಾತ್ರಿ ಕಡ್ಲೆಕಾಳು ನೆನೆ ಹಾಕ್ಬುಟ್ಟಿದ್ದೆ ಟೀಚರಮ್ಮ. ಬೆಳಿಗ್ಗೆ ಎದ್ದು ನೋಡ್ತೀನಿ, ಉಬ್ಕೊಂಡು ಕೂತವೆ. ಅವ್ಳು ಆಟಕ್ಕೆ ಹೋಗೋ ಮುಂಚೆ ತಿಂತಿದ್ಲಲ್ಲ. ಕೈಗೆ ಇನ್ನೂ ಗೊತ್ತಿಲ್ಲ ಕಣಮ್ಮ, ಅವ್ಳು ಇಲ್ಲ ಅಂತ."

ವೇದಾವತಿ ಪಕ್ಕದಲ್ಲಿ ಕೂತರು.

ನಿಂಗಮ್ಮ ದನಿ ತಗ್ಗಿಸಿ ಇನ್ನೊಂದು ಮಾತು ತೆಗೆದಳು. ಕ್ಲಬ್ಬಿನ ಪಕ್ಕದ ಎಸ್ಟೇಟಿನ ಕೂಲಿಕಾರರ ಲೈನ್ ಮನೆಯವರು ಹೇಳುತ್ತಾರಂತೆ: ಬೀಗ ಹಾಕಿದ ಆಟದ ಅಂಗಳದಿಂದ ಸಂಜೆಯಾದರೆ ಚೆಂಡು ಗೋಡೆಗೆ ಬಡಿಯುವ ಸದ್ದು ಬರುತ್ತದಂತೆ. ಆ ದಾರಿಯಲ್ಲಿ ಈಗ ಯಾರೂ ಓಡಾಡುವುದಿಲ್ಲವಂತೆ.

"ಅವ್ಳೇ ಆಡ್ತಾವ್ಳೆ ಅಂತಾರೆ. ನನ್ನ ಅಲ್ಲಿಗೆ ಯಾರೂ ಕರ್ಕೊಂಡು ಹೋಗಲ್ಲ. ನೀವು ಹೋದ್ರೆ ಕೇಳಿ ಟೀಚರಮ್ಮ, ಹೊಟ್ಟೆಗೆ ಏನಾರ ತಿಂದವ್ಳಾ ಅಂತ." ಆಮೇಲೆ, ಅದಕ್ಕಿಂತ ಮೆಲ್ಲಗೆ: "ನನ್ ಮಗ ನಾಳೆ ಮನೆಗೆ ಬತ್ತಾನಾ?"

ಕೊಡಲಾಗದ ಮಾತನ್ನು ಯಾರಿಗೂ ಕೊಡದ ವೇದಾವತಿ, ಅವತ್ತು ಕೊಟ್ಟರು. "ಬರ್ತಾನೆ."

* * *

ಸಂಜೆ ವೇದಾವತಿ ಆ ಎಸ್ಟೇಟಿನ ಬಳಿ ಬಸ್ಸಿಳಿದಾಗ ಮಂಜು ಕಾಫಿಗಿಡಗಳ ನೆತ್ತಿಗೆ ಇಳಿದಿತ್ತು. ಪಿಕ್ಕಿಂಗ್ ಮುಗಿಸಿದ ಹೆಂಗಸರು ಲೈನಿಗೆ ಮರಳುತ್ತಿದ್ದರು. ಕ್ಲಬ್ಬಿನ ದಾರಿ ಹತ್ತಿರವಿದ್ದರೂ ಸುತ್ತಿ ಹೋಗುತ್ತಿದ್ದರು. ದಾರಿ ತೋರಿಸಲು ಬಂದ ಎಸ್ಟೇಟಿನ ರೈಟರ್ ಚೆನ್ನಯ್ಯ ಒಂದು ಸಿಲ್ವರ್ ಮರದ ಬುಡದಲ್ಲಿ ನಿಂತೇಬಿಟ್ಟ.

"ನಾನು ಪಿಕ್ಕಿಂಗ್ ಲೆಕ್ಕ ಬರೆಯೋನು ಟೀಚರೇ. ದೆವ್ವದ ಹಾಜರಿ ತಗೊಳ್ಳೋದು ನನ್ನ ಕೆಲಸಕ್ಕೆ ಸೇರಿದ್ದಲ್ಲ."

ತಮಾಷೆಗೆ ಹೇಳಿದ್ದನೇನೋ ಹೌದು. ಆದರೆ ಕಾಲು ಮುಂದಿಡಲಿಲ್ಲ. ವೇದಾವತಿ ಒಬ್ಬರೇ ನಡೆದರು.

ಎಡಕ್ಕೆ ಕೆರೆ. ನೀರು ಕಾಣುತ್ತಿರಲಿಲ್ಲ, ಅದರ ತಣ್ಣನೆಯ ಉಸಿರು ಮಾತ್ರ ಕೆನ್ನೆಗೆ ತಾಗುತ್ತಿತ್ತು. ದಡದ ಪೊದೆಗೆ ಯಾರೋ ಸತ್ತ ಹುಡುಗಿಗೆಂದು ಹಳದಿ ಬಳೆ ಸಿಕ್ಕಿಸಿ ಹೋಗಿದ್ದರು. ವೇದಾವತಿ ಅತ್ತ ನೋಡದೆ ನಡೆದರು.

ಆಗ ಕೇಳಿಸಿತು.

ಟಪ್. ಗೋಡೆ. ಟಪ್. ಗೋಡೆ.

ಅರವತ್ತು ದಾಟಿದ ಹೆಂಗಸು, ಇದನ್ನೆಲ್ಲ ನಂಬುವವರಲ್ಲ. ಆದರೂ ಆ ಒಂದು ಗಳಿಗೆ, ಸೆರಗು ಎಳೆದು ಹೊದ್ದುಕೊಂಡು, ಅನೂ ಎಂದು ಕರೆದುಬಿಡಲೇ ಅನ್ನಿಸಿತು. ಕರೆದಾಗ ಅವಳು ಓಗೊಟ್ಟರೆ ಏನು ಕೇಳಬೇಕೆಂದೂ ಗೊತ್ತಿತ್ತು. ಅವಳಮ್ಮ ಹೇಳಿ ಕಳಿಸಿದ್ದೇ ಅದನ್ನಲ್ಲವೇ.

ಕರೆಯಲಿಲ್ಲ. ಕಣ್ಣು ಮುಚ್ಚಿ ಕೇಳಿದರು.

ಅನುಶ್ರೀಯ ಚೆಂಡು ಗೋಡೆಗೆ ಬಡಿದರೆ ಮೇಲಕ್ಕೆ ಹಾರಿ, ನಿಧಾನವಾಗಿ ಕಮಾನು ಹಾಕಿ ಇಳಿಯುತ್ತಿತ್ತು. ಎರಡು ಪೆಟ್ಟುಗಳ ನಡುವೆ ಒಂದು ಉಸಿರು ಎಳೆದುಕೊಳ್ಳುವಷ್ಟು ಬಿಡುವಿರುತ್ತಿತ್ತು. ಈ ಪೆಟ್ಟಿಗೆ ಬಿಡುವಿರಲಿಲ್ಲ. ಚೆಂಡು ತಗ್ಗಾಗಿ ಹೋಗಿ ತಗ್ಗಾಗಿಯೇ ಮರಳುತ್ತಿತ್ತು. ದನಿಯೂ ಬೇರೆ. ಬಿಡಿ ಹೆಣಿಗೆಯ ಗಟ್ಟು ಟಣ್ಣೆಂದು ಹಾಡುತ್ತದೆ. ಇದು ಮುಚ್ಚಿದ ಬಾಗಿಲು ತಟ್ಟಿದ ಹಾಗಿತ್ತು.

ಒತ್ತು ಹೆಣಿಗೆ. ಚಪ್ಪಟೆ ಹೊಡೆತ.

ದೆವ್ವವಲ್ಲವೆಂದು ಸಮಾಧಾನವಾಗಬೇಕಿತ್ತು. ಆದರೆ ಏನೋ ಕಳೆದುಕೊಂಡ ಹಾಗಾಯಿತು. ಅದರ ಬೆನ್ನಿಗೇ ಭಯ.

ಬೇಲಿಯ ಗೇಟಿನ ಬೀಗ ತೆಗೆದಿತ್ತು. ಒಳಗೆ, ಮಂಜಿನಲ್ಲಿ, ಗೋಡೆಯ ಮುಂದೆ ಒಬ್ಬನೇ ಆಡುತ್ತಿದ್ದವನು ಅನುಶ್ರೀಯ ಕೋಚ್ ವಿಷ್ಣುಪ್ರಸಾದ್. ಮಡಿಕೇರಿಯಲ್ಲಿ ವೇದಾವತಿಯ ಬೀದಿಯವನೇ, ಶಾಮಣ್ಣ ಮಾಸ್ತರರ ಮಗ. ಅವನು ಚಡ್ಡಿ ಹಾಕಿ ಓಡಾಡುತ್ತಿದ್ದ ಕಾಲದಿಂದ ನೋಡಿದವರು. ಈಗ ಗಡ್ಡ ಬಂದಿತ್ತು, ಕಣ್ಣು ಒಳಕ್ಕೆ ಹೋಗಿದ್ದವು.

"ವೇದಕ್ಕ, ಈ ಮಂಜಿನಲ್ಲಿ ಇಲ್ಲಿಗೆ ಯಾಕೆ ಬಂದ್ರಿ? ಮಂಡಿ ನೋವು ಅಂತಿದ್ರಿ."

"ಲೈನಿನವರು ನಿನ್ನನ್ನ ದೆವ್ವ ಅಂದುಕೊಂಡಿದ್ದಾರೆ ಕಣೋ."

"ಅಂದುಕೊಳ್ಳಲಿ. ಮನೇಲಿ ಕೂತರೆ ಅವಳು ಹೊಡೆಯೋ ಸದ್ದು ಕೇಳುತ್ತೆ. ಇಲ್ಲಿ ನನ್ನ ಸದ್ದೇ ಕೇಳುತ್ತಲ್ಲ."

ಅವನ ಕೈಯಲ್ಲಿದ್ದದ್ದು ಹಳೆಯ ಕಪ್ಪು ಬ್ಯಾಟು. ವೇದಾವತಿ ಅದನ್ನು ಇಸಿದುಕೊಂಡು ಗಟ್ಟಿನ ಮೇಲೆ ಬೆರಳಾಡಿಸಿದರು. ಹದಿನೆಂಟು, ಇಪ್ಪತ್ತು. ಬ್ಯಾಟನ್ನು ಅವನಿಗೆ ವಾಪಸು ಕೊಟ್ಟರು. ಸಾಯುವ ಮುಂಚೆ ಅನುಶ್ರೀ ಫೋನಿನಲ್ಲಿ ಹೇಳಿಕೊಂಡದ್ದು ನೆನಪಾಯಿತು: ಸರ್ ನನ್ನ ಹೊಡೆತ ಬದಲಾಯಿಸು ಅಂತಾರೆ ಟೀಚರ್, ಮೇಲಿನ ಮ್ಯಾಚುಗಳಿಗೆ ಈ ಎತ್ತೋ ಆಟ ನಡೆಯಲ್ಲ ಅಂತಾರೆ, ಚಪ್ಪಟೆ ಹೊಡಿ ಅಂತಾರೆ, ಆಗ್ತಾ ಇಲ್ಲ.

ಬೆಳಿಗ್ಗೆಯಿಂದ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದನ್ನು ಒಂದೊಂದಾಗಿ ಅವನ ಮುಂದಿಟ್ಟರು. ಕೆರೆಯ ದಡದಲ್ಲಿ ಸಿಕ್ಕಿದ್ದು ಹುಡುಗಿಯ ಬ್ಯಾಟಲ್ಲ. ಅದು ಹೊಸದು, ಒತ್ತು ಹೆಣಿಗೆಯದು. ಅವಳ ಆಟವನ್ನು ಬದಲಾಯಿಸಲು ಹಟ ಹಿಡಿದವನು ಒಬ್ಬನೇ.

"ನೀನೇ ಕೊಂಡು ತಂದು ಕೊಟ್ಟೆ. ಅವಳು ಬೇಡ ಅಂದಳು. ಹೌದಾ ವಿಷ್ಣು?"

ವಿಷ್ಣುಪ್ರಸಾದ್ ಸಿಟ್ಟಾಗಲಿಲ್ಲ. ಅವನ ಮುಖ ಬಿಳಿಚಿಕೊಂಡಿತು.

"ಇದನ್ನ ಯಾರಿಗಾದರೂ ಹೇಳಿದ್ರಾ?"

"ಇನ್ಸ್‌ಪೆಕ್ಟರಿಗೆ. ಬೆಳಿಗ್ಗೆನೇ. ಕೊಂಡವರು ಯಾರು ಅಂತ ಮೈಸೂರಿನಲ್ಲಿ ಹುಡುಕಿಸ್ತಿದ್ದಾರೆ."

ಅವನು ಅಂಗಳದ ಅಂಚಿನ ಕಲ್ಲುಬೆಂಚಿನ ಮೇಲೆ ಕುಸಿದು ಕೂತ. "ಅಯ್ಯೋ ವೇದಕ್ಕ. ಎಂಥ ಕೆಲಸ ಮಾಡಿಬಿಟ್ರಿ."

ಆಮೇಲೆ ಅವನು ಹೇಳಿದ್ದನ್ನು ವೇದಾವತಿ ನಿಂತೇ ಕೇಳಿದರು.

ಆ ಬ್ಯಾಟು ಕೊಂಡವನು ನಂದೀಶ. ತಂಗಿಯ ಗಟ್ಟು ಮೇಲಿಂದ ಮೇಲೆ ಹರಿಯುತ್ತಿತ್ತು. ಪ್ರತಿ ಸಲವೂ ಶುಂಠಿಯ ಲೋಡಿನ ಜೊತೆ ಅದನ್ನು ಮೈಸೂರಿಗೆ ಒಯ್ದು ಕಟ್ಟಿಸಿ ತರುತ್ತಿದ್ದವನು ಅವನೇ. ಗೇಟಿನಲ್ಲಿ ಕೂಗಾಡಿದ್ದೂ ಅದಕ್ಕೇ, ಮತ್ತೆ ಹರಿದುಕೊಂಡು ಬಂದೆಯಲ್ಲ ಅಂತ. ಕೂಗಾಡಿ ಹೋದವನಿಗೆ ಮನಸ್ಸು ತಡೆಯಲಿಲ್ಲ. ಮುಂದಿನ ಲೋಡಿಗೆ ಹೋದಾಗ ಅಂಗಡಿಯಲ್ಲಿ, ಅದೇ ನೀಲಿದು ಕೊಡಿ, ಆದರೆ ಬೇಗ ಹರಿಯದಂಥದ್ದು ಇರಲಿ ಎಂದು ಕೇಳಿದ್ದ. ಅಂಗಡಿಯವರು ಒತ್ತು ಹೆಣಿಗೆಯದನ್ನು ಕೊಟ್ಟರು. ಅವರ ತಪ್ಪಲ್ಲ. ಇವನು ಕೇಳಿದ್ದು ಬಾಳಿಕೆ. ಆಟದ ಮಾತನ್ನು ಅವನು ಎತ್ತಲೇ ಇಲ್ಲ. ಹೊಲದ ಮನುಷ್ಯ. ಚೀಲವಾಗಲಿ ಹಗ್ಗವಾಗಲಿ ಒತ್ತಾಗಿ ನೆಯ್ದದ್ದೇ ಒಳ್ಳೆಯದೆಂದು ಗೊತ್ತಿದ್ದವನು.

ಅದನ್ನು ಹಿಡಿದುಕೊಂಡು, ಅನುಶ್ರೀ ಸತ್ತ ದಿನದ ಮಧ್ಯಾಹ್ನ, ಇಲ್ಲಿಗೆ ಬಂದಿದ್ದನಂತೆ. ಮುಖವೆಲ್ಲ ನಗು. ಕವರಿನಿಂದ ತೆಗೆದು ತೋರಿಸಿದನಂತೆ. ಇದು ಅವಳ ಈಗಿನ ಆಟಕ್ಕೆ ಹೊಂದುವುದಿಲ್ಲ, ವಾಪಸು ಕೊಟ್ಟು ಬಾ ಎಂದು ವಿಷ್ಣುಪ್ರಸಾದ್ ಹೇಳಿದ. ನಂದೀಶ ಕೇಳಲಿಲ್ಲ. ಆಟ ಮುಗಿಸಿ ಕೆರೆಯ ಹತ್ತಿರ ಕೂರುತ್ತಾಳಲ್ಲ, ಅಲ್ಲೇ ಕೊಟ್ಟು ಕ್ಷಮೆ ಕೇಳ್ತೀನಿ, ನೀವು ಮುಂಚೆ ಹೇಳಬೇಡಿ ಸಾರ್ ಎಂದು ಕೆಳಗಿಳಿದು ಹೋದ.

"ಆಮೇಲೆ?"

"ಆಮೇಲಿನದು ನನಗೆ ಗೊತ್ತಿಲ್ಲ. ಅವಳು ಬೇಡ ಅಂದಳೋ, ಇವನಿಗೆ ಸಿಟ್ಟು ಬಂತೋ. ಪೊಲೀಸರ ಹತ್ತಿರ ನಂದೀಶ ಆ ದಿನ ಕುಶಾಲನಗರ ಬಿಟ್ಟೇ ಇಲ್ಲ ಅಂದ. ಯಾರೂ ಬರಲಿಲ್ಲ ಅಂತ ನಾನೂ ಅಂದೆ. ಬ್ಯಾಟು ಅನುದೇ ಅಂತ ಎಲ್ಲರೂ ಅಂದುಕೊಂಡಿರೋ ತನಕ ಅವನು ಅಲ್ಲಿದ್ದ ಅನ್ನೋದಕ್ಕೆ ಏನೂ ಇರಲಿಲ್ಲ, ವೇದಕ್ಕ. ಬರೀ ಕೂಗಾಡಿದ್ದ ಮಾತು. ಕೋರ್ಟಿನಲ್ಲಿ ಅದು ನಿಲ್ತಿರಲಿಲ್ಲ. ಈಗ ನಿಂತಿತು."

ಮಂಜು ಗೋಡೆಯನ್ನು ಪೂರ್ತಿ ನುಂಗಿತ್ತು. ವೇದಾವತಿ ಬೇಲಿಯ ತಂತಿ ಹಿಡಿದುಕೊಂಡರು. ಬೆಳಿಗ್ಗೆ ತಾವು ಎಷ್ಟು ನಿಚ್ಚಳವಾಗಿ ಎಣಿಸಿದ್ದರು. ಒಬ್ಬ ಅಣ್ಣ ತಂಗಿಗೆಂದು ತಂದ ಉಡುಗೊರೆಯನ್ನು ಎಳೆ ಎಳೆಯಾಗಿ ಎಣಿಸಿ, ಅವನ ಕೊರಳಿಗೇ ಕಟ್ಟಿ ಬಂದಿದ್ದರು. ಬೆಂಚಿನ ಮೇಲೆ ಕೂತ ತಾಯಿಗೆ ಬರ್ತಾನೆ ಎಂದೂ ಹೇಳಿಬಿಟ್ಟಿದ್ದರು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮೊದಲ ಸಲ ಅವರಿಗೇ ಅನುಮಾನ ಹುಟ್ಟಿತು. ಪ್ರೀತಿಯಿಂದ ತಂದದ್ದನ್ನು ಬೇಡವೆಂದರೆ ಮನುಷ್ಯನ ಕೈ ಏನು ಮಾಡೀತು? ಗಟ್ಟು ಕೊಯ್ದದ್ದು ಅವನೇ ಆಗಿದ್ದರೆ? ಹಾಗೆ ಯೋಚಿಸಿದ್ದಕ್ಕೆ ತಮ್ಮ ಮೇಲೆ ತಮಗೇ ನಾಚಿಕೆಯಾಯಿತು. ಆದರೂ ಯೋಚನೆ ಹೋಗಲಿಲ್ಲ.

"ಹಾಗಾದ್ರೆ ಅವಳ ಹಳೇ ಬ್ಯಾಟು ಎಲ್ಲಿ?" ಎಂದು ಕೇಳಿದರು.

"ಅದನ್ನೇ ನಾನೂ ಕೇಳ್ಕೊಳ್ತಾ ಇದ್ದೀನಿ" ಎಂದ ವಿಷ್ಣುಪ್ರಸಾದ್. ಎದ್ದು ಒಂದೊಂದೇ ಚೆಂಡು ಆರಿಸತೊಡಗಿದ. ಮನೆಯ ತನಕ ತಾನೇ ಬಿಡುತ್ತೇನೆ, ಗಾಡಿ ಕ್ಲಬ್ಬಿನ ಹಿಂದಿದೆ, ಈ ಕತ್ತಲಲ್ಲಿ ಬಸ್ಸಿಗೆ ಕಾಯಬೇಡಿ ಎಂದ. ದನಿಯಲ್ಲಿ ಹಳೆಯ ಬೀದಿಯ ಸಲಿಗೆಯಿತ್ತು.

ವೇದಾವತಿ ಹೂಂ ಅನ್ನುವಷ್ಟರಲ್ಲಿ ಸೆರಗಿನೊಳಗೆ ಫೋನು ಗುಂಯ್‌ಗುಟ್ಟಿತು. ಸಿದ್ದಬಸಪ್ಪ.

ಅಂಗಡಿ ಸಿಕ್ಕಿತು, ಕೊಂಡವನು ನಂದೀಶನೇ ಎಂದರು. ಗೊತ್ತಾಯಿತು ಎಂದರು ವೇದಾವತಿ. ಕೋರ್ಟಿನಲ್ಲಿ ಇನ್ನು ಏನು ಹೇಳಿದರೂ ಹುಡುಗ ಉಳಿಯುವುದಿಲ್ಲ ಎಂಬ ಮಾತು ಬರುತ್ತದೆಂದು ಕಾದರು.

ಬಂದದ್ದು ಬೇರೆ ಮಾತು.

"ಪೂರ್ತಿ ಕೇಳ್ರಿ ಟೀಚರ್. ಅಂಗಡಿ ಹೆಸರು ಹೇಳಿದ ಮ್ಯಾಲೆ ಹುಡುಗ ಅತ್ತುಬಿಟ್ಟ. ಆವತ್ತು ಕ್ಲಬ್ಬಿಗೆ ಹೋಗಿದ್ದು ಖರೇ ಅಂತಾನ. ಹೇಳಿದ್ರ ಸಿಕ್ಕಿಬೀಳ್ತೀನಿ ಅಂತ ಹೆದರಿದ್ದನಂತ. ಆದ್ರ ಕೆರೀಗೆ ಇಳಿದೇ ಇಲ್ಲಂತ. ಇದು ಆಕಿ ಆಟಕ್ಕ ಆಗೂದಿಲ್ಲ, ನಾನ ಬದಲಿ ಮಾಡಿಸಿ ಕೊಡ್ತೀನಿ ಅಂತ ಹೇಳಿ ಕೋಚ್ ಆ ಬ್ಯಾಟು ಇಸ್ಕೊಂಡರಂತ. ಇವ ಅವರ ಕೈಯಾಗ ಕೊಟ್ಟು, ಗೇಟಿನಿಂದನ ವಾಪಸ್ ಹೋದೆ ಅಂತಾನ. ಇಬ್ಬರೊಳಗ ಒಬ್ಬರು ಸುಳ್ಳು. ನಾಳೆ ಮುಂಜಾನಿ ಒಳಗ ನನಗ ಆ ಕೋಚ್ ಬೇಕು. ಮನಿಯಾಗಿಲ್ಲ. ಎಲ್ಲಿ ಅದಾನ, ನಿಮಗೇನಾದ್ರೂ ಗೊತ್ತೇನ್ರಿ?"

ಗಾಳಿಯಿಲ್ಲದ ಆ ಅಂಗಳದಲ್ಲಿ ಫೋನಿನ ದನಿ ಎದುರಿಗೆ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಹರಡಿತ್ತು.

ವೇದಾವತಿ ತಲೆಯೆತ್ತಿದರು. ಚೆಂಡು ಆರಿಸುವ ಸದ್ದು ನಿಂತಿತ್ತು. ವಿಷ್ಣುಪ್ರಸಾದ್ ಯಾವಾಗಲೋ ಬಂದು ಅವರಿಗೂ ಗೇಟಿಗೂ ನಡುವೆ ನಿಂತಿದ್ದ. ಬಲಗೈಯಲ್ಲಿ ಬ್ಯಾಟಿತ್ತು. ಎಡಗೈಯನ್ನು, ಬಹಳ ಮೆತ್ತಗೆ, ಅವರ ಮುಂದೆ ಚಾಚಿದ.

"ಕೊಡಿ ವೇದಕ್ಕ" ಎಂದ. "ನಾನೇ ಮಾತಾಡ್ತೀನಿ."